ನಂಜಮ್ಮಜ್ಜಿಯ ಹಿತ್ತಾಳೆ ಪಾವು

ಅದು ೧೯೭೮. ಗದಗಿನ ಕಡೆಯಿಂದ ಬೆಂಗಳೂರಿಗೆ ಬಂದಿದ್ದ ನಾನು ಆಗ ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಯಲಹಂಕ, ಅಟ್ಟೂರು ಕಡೆ ಸ್ಟೀಲ್ ಪಾತ್ರೆ ಮಾರುತ್ತಿದ್ದೆ. ಹಳೇ ಹಿತ್ತಾಳೆ, ತಾಮ್ರ ತೆಗೆದುಕೊಂಡು ಹೊಸ ಸ್ಟೀಲ್ ಕೊಡುವುದು ನನ್ನ ವ್ಯಾಪಾರ. ಆ ಹಿತ್ತಾಳೆಯನ್ನು ಪೇಟೆಯಲ್ಲಿ ಕರಗಿಸುವವರಿಗೆ ಹಾಕಿದರೆ ಅದರಲ್ಲೇ ನನ್ನ ಲಾಭ. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ.

ಅಟ್ಟೂರಿನಲ್ಲಿ ನಂಜಮ್ಮಜ್ಜಿಯ ಅಂಗಡಿಯಿತ್ತು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡ ಮೇಲೆ ಮನೆಯ ಜಗಲಿಯಲ್ಲೇ ಅಂಗಡಿ ಇಟ್ಟು ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವರು. ಮೊಮ್ಮಕ್ಕಳು ಕರೆಯುವುದನ್ನು ಕೇಳಿ ಕೇಳಿ ಊರೆಲ್ಲ ಅವರನ್ನು ಅಜ್ಜಿ ಎನ್ನುತ್ತಿತ್ತು. ಅಕ್ಕಿ ಅಳೆಯುತ್ತಿದ್ದದ್ದು ಒಂದು ಹಿತ್ತಾಳೆ ಪಾವಿನಲ್ಲಿ. ದಪ್ಪ ಹಿತ್ತಾಳೆ, ಒಳ್ಳೇ ತೂಕ. ನನ್ನ ಕಣ್ಣು ಅದರ ಮೇಲೆ ಬಿತ್ತು.

"ಅಜ್ಜೀ, ಇದನ್ನ ಹುಣಸೇಹಣ್ಣು ಹಾಕಿ ತಿಕ್ಕಿ ತಿಕ್ಕಿ ಕೈ ನೋಯಂಗಿಲ್ಲೇನ್ರೀ? ಸ್ಟೀಲ್ ಪಾವು ಕೊಡ್ತೀನಿ, ಮ್ಯಾಲೊಂದು ಡಬ್ಬಿ."

"ಡಬ್ಬಿ ಜತೆಗೆ ಸೌಟೂ ಮಡಗು. ನನ್ನೇನು ಎಳೇ ಮಗು ಅಂದ್ಕೊಂಡಾ?"

ಅರ್ಧ ಗಂಟೆ ಎಳೆದಾಡಿ ಸೌಟೂ ಕೊಟ್ಟೆ. ಕೊನೆಗೆ ಅಜ್ಜಿ, "ಅಳತೆ ಸರಿಯಾಗೈತೇನಪ್ಪಾ?" ಎಂದು ಕೇಳಿದರು. "ಪಾವು ಅಂದ್ರ ಪಾವರೀ ಅಜ್ಜಿ" ಎಂದೆ. ನಿಜ ಹೇಳಬೇಕೆಂದರೆ ನಾನು ಅದನ್ನು ಅಳೆದೇ ನೋಡಿರಲಿಲ್ಲ.

ಹದಿನೈದು ದಿನ ಬಿಟ್ಟು ಹೋದಾಗ ಬೆಳಗಿನ ಹೊತ್ತಿನಲ್ಲೇ ಅಂಗಡಿಗೆ ಹಲಗೆ ಹಾಕಿ ಅಜ್ಜಿ ಹೊರಗೆ ಕೂತಿದ್ದರು. ಪಕ್ಕದಲ್ಲಿ ಅರ್ಧ ಮೂಟೆ ಅಕ್ಕಿ.

"ಬಂದ್ಯೇನೋ ಪಾತ್ರೆಯೋನೆ. ಆಚೆ ಬೀದಿ ಮುನಿಯಮ್ಮ ಬಂದು ಕೇಳವ್ಳೆ, ಒಂದ್ ಪಾವಕ್ಕಿ ಇಷ್ಟ್ ದಿನ ಮೂರ್ ಜನಕ್ಕಾಯ್ತಿತ್ತು, ಈಗ್ಯಾಕೆ ಸಾಲ್ದು ಅಂತ. ಅವಳ ಮನೆ ಪಾವಿನಾಗೆ ಅಳೆದು ನೋಡಿದ್ರೆ ನಿಂದು ಒಂದ್ ಹಿಡಿ ಕಮ್ಮಿ."

ಹಿತ್ತಾಳೆ ಪಾವು ಆಗಲೇ ಪೇಟೆಯಲ್ಲಿ ಕರಗಿಹೋಗಿತ್ತು. "ಬ್ಯಾರೆ ಪಾವು ಕೊಡ್ತೀನ್ ಬಿಡ್ರೀ ಅಜ್ಜಿ. ಒಂದ್ ಹಿಡಿ ಅಕ್ಕಿ ಯಾರ್ ನೋಡ್ತಾರ?" ಎಂದೆ.

"ನಾನ್ ನೋಡ್ತೀನಿ. ಇಷ್ಟ್ ವರ್ಸದಾಗೆ ನನ್ ಅಳತೆ ಮ್ಯಾಲೆ ಒಬ್ರೂ ಮಾತಾಡಿಲ್ಲ. ಇವತ್ತು ಮುನಿಯಮ್ಮ ಕೇಳವ್ಳೆ, ನಾಳೆ ಊರು ಕೇಳ್ತದೆ. ಬುಟ್ಟಿ ಇಳಿಸು, ಮೂಟೆ ಏರಿಸು."

ಮುಂದೆ ಅಜ್ಜಿ, ಹಿಂದೆ ಸೈಕಲ್ ತಳ್ಳುತ್ತಾ ನಾನು. ಆ ಹದಿನೈದು ದಿನದಲ್ಲಿ ಯಾರು ಎಷ್ಟು ಪಾವು ಒಯ್ದಿದ್ದರು ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಪ್ರತಿ ಮನೆ ಮುಂದೆ ಒಂದೇ ಮಾತು: "ನನ್ ಪಾವು ಕಮ್ಮಿ ಬಿದ್ದಿತ್ತು ಕಣವ್ವಾ, ಮೊರ ತಾ." ಪಾವಿಗೊಂದರಂತೆ ಹಿಡಿ ಅಕ್ಕಿ ಸುರಿಯುತ್ತಿದ್ದರು.

ಒಬ್ಬರು, "ಇರ್ಲಿ ಬಿಡಜ್ಜಿ, ಇದಕ್ಕೆ ಬಿಸಿಲಾಗೆ ಬಂದಾ?" ಎಂದರು.

"ನಿಂಗ್ ಬ್ಯಾಡ್ದಿದ್ರೆ ಕೋಳಿಗಾಕು. ನನ್ ತಾವ ಇರ್ಬಾರ್ದು."

ಇನ್ನೊಂದು ಮನೆಯ ಸೊಸೆ ನಕ್ಕು, "ವಯಸ್ಸಾಯ್ತಲ್ಲಜ್ಜಿ, ಅಳೆಯೋವಾಗ ಕೈ ನಡುಗ್ತದೇನೋ" ಎಂದಳು. ಅಜ್ಜಿ "ಇದ್ರೂ ಇರ್ಬೋದು" ಎಂದು ಮುಂದಕ್ಕೆ ನಡೆದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಕೊನೆಯದು ಮುನಿಯಮ್ಮನ ಮನೆ. ಅಲ್ಲಿ ತಡೆಯಲಾಗದೆ, "ಅಕ್ಕಾರ, ತಪ್ಪು ಅಜ್ಜೀದಲ್ಲ. ಆ ಪಾವು ಕೊಟ್ಟಾಂವ ನಾನ" ಎಂದುಬಿಟ್ಟೆ.

ಮುನಿಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓ, ನೀನಾ? ತಡಿ, ನಿನ್ ತಾವ ತಗೊಂಡ ಬಿಂದಿಗೇಲಿ ತೂತೈತಾ ನೋಡ್ಕೊಂಡ್ ಬತ್ತೀನಿ" ಎಂದು ಒಳಗೆ ಹೋದಳು.

ಹೊರಗೆ ಬಂದ ಮೇಲೆ ಅಜ್ಜಿ ರೇಗಿದರು. "ಬಾಯ್ಬಿಡು ಅಂತ ನಿಂಗ್ಯಾರೋ ಅಂದೋರು? ಅಕ್ಕಿ ಕೊಟ್ಟಾಯ್ತು, ನನ್ ಮಾತು ಇಲ್ಲಿಗೆ ಮುಗೀತು. ನೀನು ಬೀದಿ ಬೀದಿ ತಿರುಗೋನು. ಈ ಸುದ್ದಿ ನಿನ್ಗಿಂತ ಮುಂಚೆ ಯಲಹಂಕ ಸೇರ್ಕೊತದೆ. ಇನ್ ನಿನ್ ತಾವ ಯಾರ್ ಕೊಳ್ತಾರೆ?"

ಹಾಗೇ ಆಯಿತು. ನಾಲ್ಕು ತಿಂಗಳು ಅಟ್ಟೂರಿನಲ್ಲಿ ಒಂದು ಚಮಚವೂ ಹೋಗಲಿಲ್ಲ. ಆಮೇಲೆ ಒಂದು ದಿನ ಅಜ್ಜಿಯೇ ನನ್ನನ್ನು ಕೂಗಿ ನಿಲ್ಲಿಸಿ, ಮುನಿಯಮ್ಮನ ಪಾವು ತರಿಸಿ, ನಾಲ್ಕು ಹೆಂಗಸರ ಎದುರಿಗೆ ನನ್ನ ಹೊಸ ಪಾವನ್ನು ಅಳೆದು, "ಸರಿಯಾಗೈತೆ, ತಗೊಳ್ರೇ" ಎಂದರು. ಅಂದಿನಿಂದ ನನ್ನ ವ್ಯಾಪಾರ ಮತ್ತೆ ಶುರುವಾಯಿತು. ಮುಂದೆ ಆರ್.ಟಿ. ನಗರದಲ್ಲಿ ಅಂಗಡಿಯನ್ನೂ ಹಾಕಿದೆ.

ಹೊಸದಾಗಿ ಅಂಗಡಿ ಇಡುವವರಿಗೆ ನಾನು ಹೇಳುವುದಿಷ್ಟು. ಅಳತೆಯ ಪಾತ್ರೆ ಕೊಳ್ಳುವಾಗ ಮಾರುವವನ ಬಾಯಿ ನಂಬಬೇಡಿ, ಅಲ್ಲೇ ಅಳೆದು ನೋಡಿ. ಕಮ್ಮಿ ಬಿದ್ದಿದ್ದು ಗೊತ್ತಾದರೆ ಗಿರಾಕಿ ಬಂದು ಕೇಳುವತನಕ ಕಾಯಬೇಡಿ, ನೀವೇ ಹೋಗಿ.

ಅಜ್ಜಿ ೧೯೮೫ರಲ್ಲಿ ತೀರಿಕೊಂಡರು. ಮುನಿಯಮ್ಮನ ಮನೆಯಲ್ಲಿ ಒಪ್ಪಿಕೊಂಡೆನಲ್ಲ ಎಂದು ಜನ ನನ್ನನ್ನು ಹೊಗಳುವುದುಂಟು. ನನಗೆ ಮಾತ್ರ ನೆನಪಾಗುವುದು ಅದಕ್ಕೂ ಮುಂಚಿನ ಆ ಸೊಸೆಯ ಮನೆ. ಅಜ್ಜಿಯ ಕೈ ನಡುಗುತ್ತಿರಲಿಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮೂಟೆ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.