ತೆಳು ಹಾಲಿನ ಡಾಕ್ಟರು

ಅವರ ಅಂಗಿಯ ತುಂಬ ತೂತುಗಳಿದ್ದವು. ಹಳತಾಗಿ ಹರಿದದ್ದಲ್ಲ, ಹಾಲಿನ ಪರೀಕ್ಷೆಗೆ ಬಳಸುವ ಆಸಿಡ್ ಸಿಡಿದು ಸುಟ್ಟ, ಅಂಚು ಕಂದಿದ ಸಣ್ಣ ತೂತುಗಳು. ಎದೆಯ ಹತ್ತಿರದ ಒಂದರೊಳಗಿಂದ ಬನಿಯನ್ ಇಣುಕುತ್ತಿತ್ತು. ಅಂಗಿ ಬಿಳಿಯದು ಎಂದು ನನ್ನ ನೆನಪು, ನೀಲಿ ಎಂದು ಅಕ್ಕನದು. ಬರೆಯುವಾಗ ಬಿಳಿಯೇ ಚೆನ್ನಾಗಿ ಕಾಣುತ್ತದೆ; ಅದಕ್ಕೇ ನನಗೆ ಅನುಮಾನ. ತೂತುಗಳ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ತಕರಾರಿಲ್ಲ.

ಅವರು ಹೊಸನಗರದ ದನದ ಡಾಕ್ಟರು. ಜಂಬದ ಮನುಷ್ಯ. ಸೈಕಲ್ಲನ್ನು ಅಂಗಳದವರೆಗೂ ತಂದು, ಮನೆಯವರನ್ನು ಬಿಟ್ಟು ನೇರವಾಗಿ ದನದ ಜೊತೆ ಮಾತಿಗಿಳಿಯುತ್ತಿದ್ದರು. "ಎಂತದೇ ತಾಯಿ, ಯಾರ ಮೇಲೆ ಸಿಟ್ಟು?" ನಾವು ಬಾಯಿ ಹಾಕಿದರೆ, "ನೀವು ಸುಮ್ನಿರಿ, ಅದು ಹೇಳ್ತಾ ಇದೆ." ಗೆದ್ದರೆ ತೊಡೆ ತಟ್ಟುವವರು, ಸೋತರೆ ಕೊಟ್ಟ ಕಾಫಿಯನ್ನೂ ಕುಡಿಯದೆ ಹೊರಟುಬಿಡುವವರು.

ಅರವತ್ತರ ದಶಕದ ನಡುವಿನ ಮಾತು. ಅಕ್ಕ ಗಂಡನ ಮನೆ ಬಿಟ್ಟು ರಿಪ್ಪನ್‌ಪೇಟೆಯ ನಮ್ಮ ಮನೆಗೆ ಬಂದಿದ್ದಳು. ಇನ್ನು ಹಿಂದಿರುಗುವುದಿಲ್ಲ, ಹಾಲು ಮಾರಿ ಬದುಕುತ್ತೇನೆ ಎಂದವಳು ಬಳೆ ಬಿಚ್ಚಿ ಕೊಟ್ಟು ಕೆಂಪು ಸಿಂಧಿ ತಳಿಯ ಹಸುವೊಂದನ್ನು ತಂದಳು. ಅಮ್ಮನದು ಒಂದೇ ಮಾತು: "ಈ ಹಸು ಉಳುದ್ರೆ ನೀನೂ ಇಲ್ಲಿರು. ಇಲ್ಲಾಂದ್ರೆ ಬಾಯಿ ಮುಚ್ಕಂಡು ಗಂಡನ ಊರಿನ ಬಸ್ ಹತ್ತು."

ಹಸು ಕರು ಹಾಕಿತು. ನಮ್ಮಲ್ಲಿ ಕರು ಹಾಕಿದ ಹಸುವಿಗೂ ಬಾಣಂತಿಯ ಪಥ್ಯ. ಮೆಣಸು, ಶುಂಠಿ, ಬೆಳ್ಳುಳ್ಳಿ ಜಜ್ಜಿದ ಕಷಾಯ; ಹಸಿ ಹುಲ್ಲು ಶೀತ, ಹಿಂಡಿ ಜಡ ಎಂದು ಬರೀ ಒಣಹುಲ್ಲು. ಚೊಂಬು ಹಾಲು ಕೊಡುವ ಊರಿನ ಗಿಡ್ಡ ದನ ಅದನ್ನು ತಡೆದುಕೊಳ್ಳುತ್ತಿತ್ತು. ಇದು ಬಿಂದಿಗೆ ತುಂಬಿಸುವ ಹಸು.

ಎರಡು ವಾರದಲ್ಲಿ ಕಾಸಿದ ಹಾಲಿನ ಮೇಲೆ ರೊಟ್ಟಿಯಂಥ ಕೆನೆ ಬಂತು. ಬಸ್‌ಸ್ಟ್ಯಾಂಡಿನ ಹೋಟೆಲಿನ ಯಜಮಾನರೇ ಬಂದು, "ನಿನ್ನ ಹಾಲು ಹಾಕಿದ್ರೆ ಲೋಟ ತೊಳಿಯೋದೇ ಕಷ್ಟ ಮಾರಾಯ್ತಿ, ಅಷ್ಟು ಜಿಡ್ಡು!" ಎಂದು ಹೊಗಳಿದರು. "ನನ್ನ ಪಥ್ಯ!" ಎಂದಳು ಅಮ್ಮ. ಹಸುವಿನ ಸೊಂಟದ ಮೂಳೆ ಎದ್ದದ್ದನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಬಾಣಂತಿಯ ಮೈ ಇಳಿಯುವುದು ಸಹಜವಲ್ಲವೇ? ಆಮೇಲೆ ಬಿಂದಿಗೆ ಅರ್ಧಕ್ಕಿಳಿಯಿತು. ಹಸು ಮೇವಿಗೆ ಮುಖ ತಿರುಗಿಸಿ ಕಂಬಕ್ಕೆ ಒರಗಿ ನಿಂತಿತು. ಅಕ್ಕ ನನ್ನನ್ನು ಹೊಸನಗರಕ್ಕೆ ಓಡಿಸಿದಳು.

ಡಾಕ್ಟರು ಬಂದಾಗ ಅಮ್ಮ ಹಾಲಿನ ಪಾತ್ರೆಯನ್ನೇ ಮುಂದಿಟ್ಟಳು. "ಕೆನೆ ನೋಡಿ ಡಾಕ್ಟ್ರೇ! ಇಂಥ ಹಸುಗೆ ಕಾಯಿಲೆ ಅಂದ್ರೆ ಯಾರು ನಂಬ್ತಾರೆ?"

"ಅದ್ನೇ ನೋಡ್ತಿದೀನಿ ಅಮ್ಮ. ನೋಡಿದ್ರೆ ಹೆದರಿಕೆ ಆಗ್ತದೆ."

ಅವರು ಹಸುವಿನ ಬಾಯಿ ಮೂಸಿ, ನನ್ನನ್ನೂ ಕರೆದು ಮೂಸಿಸಿದರು. ಕಳಿತು ಹೋದ ಹಣ್ಣಿನ ಸಿಹಿ ವಾಸನೆ. ಪೆಟ್ಟಿಗೆಯಿಂದ ಗಾಜಿನ ಕೊಳವೆ ತೆಗೆದು ಆಸಿಡ್, ಅದರ ಮೇಲೆ ಹಾಲು ಹೊಯ್ದರು. ಹಾಲು ಬಿಸಿಯಾಗಿ ಕಂದುಬಣ್ಣಕ್ಕೆ ತಿರುಗಿತು. ಕೊಳವೆಯನ್ನು ಕೈಯಿಂದ ತಿರುಗಿಸುವ ಯಂತ್ರಕ್ಕೆ ಸಿಕ್ಕಿಸಿ, "ಜೋರಾಗಿ ತಿರುಗಿಸು ಮಾರಾಯ, ದೋಸೆಗೆ ರುಬ್ತಿದೀಯಾ?" ಎಂದು ನನ್ನನ್ನು ಗದರಿಸಿದರು. ನಿಲ್ಲಿಸಿದಾಗ ಕೊಳವೆಯ ಕುತ್ತಿಗೆಯಲ್ಲಿ ಹಳದಿ ಕೊಬ್ಬು ಎತ್ತರಕ್ಕೆ ನಿಂತಿತ್ತು.

"ಇದು ಹುಲ್ಲಿಂದ ಬಂದ ಕೊಬ್ಬಲ್ಲ. ತಿನ್ನಕ್ಕೆ ಕೊಡ್ಲಿಲ್ಲ, ಕರೆಯೋದು ಬಿಡ್ಲಿಲ್ಲ. ಅದು ತನ್ನ ಮೈ ಕರಗಿಸಿ ಕೊಡ್ತಾ ಇದೆ. ನೀವು ಹಸುವನ್ನೇ ಕಾಫಿಗೆ ಹಾಕಿ ಮಾರ್ತಿದೀರಿ."

ಅಮ್ಮ ಸೆರಗು ಬಿಗಿದಳು. "ಐದು ಹೆತ್ತೋಳು ನಾನು. ಬಾಣಂತನ ನಿಮ್ಮತ್ರ ಕಲೀಬೇಕಾ?"

"ನಿಮ್ಮನ್ನ ಯಾರಾದ್ರೂ ಎರಡು ಹೊತ್ತೂ ಬಿಂದಿಗೆ ಹಿಡ್ಕಂಡು ಕರೆದಿದ್ರಾ ಅಮ್ಮ?"

ಮೊದಲು ನಕ್ಕವಳು ಅಮ್ಮನೇ.

ಅಕ್ಕ ಹಸುವಿನ ಕೊರಳು ತಬ್ಬಿ ಹಿಡಿದಳು, ಡಾಕ್ಟರು ಅದರ ಕುತ್ತಿಗೆಯ ನರಕ್ಕೆ ಗ್ಲೂಕೋಸ್ ಬಿಟ್ಟರು. ಪಥ್ಯ ರದ್ದಾಯಿತು. ಹಸಿ ಹುಲ್ಲು, ಬೆಲ್ಲದ ನೀರು, ಸ್ವಲ್ಪ ಸ್ವಲ್ಪವೇ ಹಿಂಡಿ. ಡಾಕ್ಟರು ಮತ್ತೆ ಮತ್ತೆ ಬಂದು ಕೊಳವೆ ತಿರುಗಿಸುತ್ತಿದ್ದರು. ಹಳದಿ ಇಳಿಯದಿದ್ದ ದಿನಗಳಲ್ಲಿ ಅವರಿಗೆ ಕೊಟ್ಟ ಕಾಫಿ ಹಾಗೇ ಆರಿಹೋಗುತ್ತಿತ್ತು, ಅಕ್ಕ ಬಸ್ಸಿನ ಸದ್ದು ಕೇಳಿದರೂ ಬೆಚ್ಚುತ್ತಿದ್ದಳು.

ಒಂದು ಬೆಳಿಗ್ಗೆ ಹೋಟೆಲಿನ ಯಜಮಾನರು ಹಾಲಿನ ಪಾತ್ರೆ ಹಿಡಿದು ಜಗಳಕ್ಕೇ ಬಂದರು. "ನೀರು ಹಾಕಕ್ಕೆ ಶುರು ಮಾಡಿದ್ಯಾ? ಗಿರಾಕಿಗಳು ನನ್ನ ಮುಖಕ್ಕೆ ಉಗೀತಾರೆ!" ಅಕ್ಕ ಬಿಳಿಚಿಕೊಂಡಳು. ಕೊಟ್ಟಿಗೆಯಲ್ಲಿದ್ದ ಡಾಕ್ಟರು ಆ ಪಾತ್ರೆಯನ್ನು ಕಸಿದುಕೊಂಡು ಪರೀಕ್ಷೆಗಿಟ್ಟರು. ಆಮೇಲೆ ಕೊಳವೆಯನ್ನು ಬಿಸಿಲಿಗೆ ಎತ್ತಿ ಹಿಡಿದು ಅಂಗಳಕ್ಕೆ ಓಡಿದರು.

"ಇಳೀತು! ಗೆದ್ವಿ ಕಣೇ ತಂಗಿ! ಹಾಲು ತೆಳ್ಳಗಾಯ್ತು!"

ಹಾಲು ತೆಳುವಾಯಿತೆಂದು ತೊಡೆ ತಟ್ಟಿದ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. "ಇವ್ರಿಗೆ ಎಂತಾಗಿದೆ?" ಎಂದು ಹೋಟೆಲಿನವರು ಹಿಂದೆ ಸರಿದರು. ಒಳಗೆ ಹಸು ಬಾನಿಯೊಳಗೆ ಮುಖವಿಟ್ಟು ಹಿಂಡಿ ಮುಕ್ಕುತ್ತಿತ್ತು.

ಇಷ್ಟೆಲ್ಲ ಒಂದೇ ಬೆಳಿಗ್ಗೆ ಕೂಡಿಬಂತೇ? ಹೋಟೆಲಿನವರು ಜಗಳಕ್ಕೆ ಬಂದದ್ದು ಹಿಂದಿನ ಸಂಜೆ ಎನ್ನುತ್ತಾಳೆ ಅಕ್ಕ. ಅವಳದೇ ಸರಿಯಿರಬಹುದು, ನನ್ನ ನೆನಪಿಗೂ ಕೆನೆ ಹೆಚ್ಚು. ಬಿಂದಿಗೆ ಮತ್ತೆ ತುಂಬಿದ್ದು ನಿಜ. ಅಮ್ಮ ಬಸ್ಸಿನ ಮಾತು ಮತ್ತೆ ಎತ್ತಲಿಲ್ಲ ಎಂಬುದೂ ನಿಜ.

ಡಾಕ್ಟರು ನಿವೃತ್ತರಾಗಿ ಸಾಗರದಲ್ಲಿ ನೆಲೆಸಿದರು, ಅಲ್ಲೇ ತೀರಿಕೊಂಡರು. ಮೂರನೆಯ ದಿನ ಹಾಲು-ತುಪ್ಪ ಬಿಡಲು ಹೊರಟವರ ಕೈಗೆ ಅಕ್ಕ ತಾನು ತಂದ ಹಾಲಿನ ಕ್ಯಾನ್ ಕೊಟ್ಟಳು. ಅದೇ ಹಸುವಿನ ಮರಿಮಗಳ ಹಾಲು. ಅವರ ಪೈಕಿಯ ಹಿರಿಯರೊಬ್ಬರು ಬಗ್ಗಿಸಿ ನೋಡಿ, "ಎಂತದಮ್ಮಾ, ಇಷ್ಟು ತೆಳು? ಇವತ್ತೂ ನೀರು ಬೆರೆಸೋದಾ?" ಎಂದರು.

ಅಕ್ಕ ಕಣ್ಣೊರೆಸಿಕೊಂಡಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ಥೇಟ್ ಅವರದೇ ಜಂಬದಲ್ಲಿ ಹೇಳಿದಳು:

"ಕರು ಹಾಕಿ ಎರಡು ವಾರ ಆಗಿದೆ. ಮೂಳೆ ಎದ್ದಿಲ್ಲ, ಹಿಂಡಿ ಬಿಟ್ಟಿಲ್ಲ. ಹಾಲು ಹಿಂಗೇ ಇರ್ಬೇಕು. ನೀವು ಬಿಡಿ, ಡಾಕ್ಟ್ರಿಗೆ ಗೊತ್ತಾಗ್ತದೆ."