ಪರದೆಯೊಳಗಿನ ಮೇಷ್ಟ್ರು

ಎಪ್ಪತ್ತರ ದಶಕದ ರಾಜಾಜಿನಗರದಲ್ಲಿ ನಮ್ಮ ಎದುರುಮನೆಯ ಮೇಷ್ಟ್ರು ಸಂಜೆಯಾದರೆ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ, ತುಂಬುತೋಳಿನ ಅಂಗಿಯ ಗುಂಡಿ ಹಾಕಿಕೊಂಡೇ ಹೊರಗೆ ಬರುತ್ತಿದ್ದರು. ಯಾರಾದರೂ ನಕ್ಕರೆ, "ಸೊಳ್ಳೆ ಕಚ್ಚಿದ್ಮೇಲೆ ಕೆರ್ಕೊಂಡ್ರೆ ಏನ್ ಬಂತು?" ಎನ್ನುವರು.

ಆ ಬೇಸಿಗೆಯಲ್ಲಿ ಅವರು ಹೆಂಡತಿಯೊಂದಿಗೆ ಹಿಮಾಲಯದ ತಪ್ಪಲಿನ ಕಾಡು ನೋಡಲು ಹೊರಡುವವರಿದ್ದರು. ಅಲ್ಲಿಯ ಸೊಳ್ಳೆಗಳಿಗೆ ಹೆದರಿ, ಹಳೆಯ ಸೊಳ್ಳೆಪರದೆಯೊಂದನ್ನು ಟೋಪಿಯ ಸುತ್ತ ಹೊಲಿದು ಮಂಡಿಯವರೆಗೆ ಇಳಿಬಿಟ್ಟಿದ್ದರು. ಒಂದು ಮುಸ್ಸಂಜೆ ಅದನ್ನು ತೊಟ್ಟು, ಇನ್ನೂ ಮೋಟುಗೋಡೆ ಕಟ್ಟಿರದ ತಮ್ಮ ತಾರಸಿಯಿಂದ, ನಮ್ಮ ತಾರಸಿಯಲ್ಲಿ ಓದುತ್ತ ಕುಳಿತಿದ್ದ ನನ್ನನ್ನು ಕೂಗಿದರು.

"ನೋಡಪ್ಪಾ, ಒಂದಾದ್ರೂ ಒಳಗೆ ಬರುತ್ತಾ?"

ಸೊಳ್ಳೆಗಳನ್ನು ಅಣಕಿಸುತ್ತ ಹಿಂದೆ ಹಿಂದೆ ಹೆಜ್ಜೆಯಿಟ್ಟರು. ತಾರಸಿಯ ಅಂಚಿಗೆ ಇನ್ನೊಂದೇ ಹೆಜ್ಜೆ. ನಾನು ಪುಸ್ತಕ ಬಿಟ್ಟು ಎದ್ದು ನಿಂತೆ. ಎತ್ತಿದ ಆ ಕಾಲು ಇವತ್ತಿಗೂ ನನ್ನ ಕಣ್ಣ ಮುಂದೆ ಹಾಗೆಯೇ ನಿಂತಿದೆ.

ಅಲ್ಲೇ ಒಣಗಿದ ಬಟ್ಟೆ ತೆಗೆಯುತ್ತಿದ್ದ ಅವರ ಹೆಂಡತಿ ಕಿರುಚಿದರು: "ರೀ, ಅಲ್ಲಾಡ್ಬೇಡಿ! ಸೊಳ್ಳೆ ಒಳಗೇ ಇದೆ, ಕತ್ತಿನ ಮೇಲೆ ಕೂತಿದೆ!"

ಮೇಷ್ಟ್ರು ಕಲ್ಲಾದರು. ಆಕೆ ಓಡಿಬಂದು ಪರದೆಯ ಸಮೇತ ಅವರನ್ನು ಎಳೆದುಕೊಂಡರು. ಇಬ್ಬರೂ ಬಟ್ಟೆಯ ರಾಶಿಯ ಮೇಲೆ ಬಿದ್ದರು.

"ಎಲ್ಲೇ ಸೊಳ್ಳೆ?"

"ಸೊಳ್ಳೆನೂ ಇಲ್ಲ, ಗಿಳ್ಳೆನೂ ಇಲ್ಲ. ಹಿಂದೆ ನೋಡಿ, ಬಿದ್ದೇ ಹೋಗ್ತಿದ್ರಿ!"

ಅವರು ಹಿಂದೆ ನೋಡಲೇ ಇಲ್ಲ. ನನ್ನತ್ತ ಕೈಯೆತ್ತಿ, ಮುಖವರಳಿಸಿ ಕೂಗಿದರು: "ಕೇಳಿಸ್ಕೊಂಡ್ಯೇನಪ್ಪಾ? ಒಳಗೆ ಒಂದೂ ಇಲ್ವಂತೆ!"