ಬೋರಲು ಚಪ್ಪಲಿಗಳ ಬಾಗಿಲು

ಚಳ್ಳಕೆರೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪರಶುರಾಂಪುರದ ಕಡೆಯ ಮೊದಲ ಬಸ್ಸಿಗೆ ಬಂದವರು ಆಗಲೇ ಹೋಮಿಯೋಪತಿ ದವಾಖಾನೆಯ ಬೆಂಚು ಹಿಡಿದು ಕೂತಿದ್ದಾರೆ. ಹೊರಗೆ ಮೆಟ್ಟಿಲ ಮೇಲೆ ದ್ರಾಕ್ಷಾಯಣಮ್ಮ ಮೊಬೈಲಿನ ಟಾರ್ಚನ್ನು ಗಲ್ಲದಡಿ ಒತ್ತಿಕೊಂಡು, ಅವರು ಬಿಟ್ಟ ಚಪ್ಪಲಿಗಳನ್ನು ಒಂದೊಂದಾಗಿ ಎತ್ತಿ ಬೋರಲು ಹಾಕುತ್ತಿದ್ದಾರೆ. ಅಟ್ಟೆಯ ಮೇಲೆ ಹೆಬ್ಬೆರಳು ಆಡಿಸುತ್ತಾರೆ, ಒಳಗೆ ಕೈ ಹಾಕಿ ಸವರುತ್ತಾರೆ. ಏಳನೆಯ ಜೊತೆಗೆ ಕೈ ನಿಲ್ಲುತ್ತದೆ. ಚಿಮಟದಿಂದ ಎಳೆದರೆ ಉದ್ದನೆಯ ಜಾಲಿ ಮುಳ್ಳು.

“ಯಾರವು ಇವು, ನೀಲಿ ಪಟ್ಟಿಯವು? ಎದ್ದು ಬರ್ರಿ, ಪಾದ ತೋರಿಸ್ರಿ!”

ಒಳಗಿಂದ ಬಂದ ಹಿರಿಯರು ತಮ್ಮ ಪಾದ ನೋಡಿಕೊಂಡು ತಾವೇ ಬೆರಗಾಗುತ್ತಾರೆ. ಚುಚ್ಚಿದ್ದು ಗೊತ್ತೇ ಆಗಿಲ್ಲ. ಹದಿನೈದು ವರ್ಷದ ಸಕ್ಕರೆ ಕಾಯಿಲೆ ಅವರ ಪಾದದ ಸ್ಪರ್ಶವನ್ನೇ ಕಿತ್ತುಕೊಂಡಿದೆ. ದ್ರಾಕ್ಷಾಯಣಮ್ಮ ಗಾಯ ತೊಳೆದು ಬಟ್ಟೆ ಸುತ್ತಿ, ಡ್ರೆಸ್ಸಿಂಗಿಗೂ ಇಂಜೆಕ್ಷನ್ನಿಗೂ ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆಸಿಕೊಡುತ್ತಾರೆ. ಮತ್ತೆ ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ. ಬಸ್ಸಿನ ಸದ್ದು ಕೇಳಿದಾಗೆಲ್ಲ ಗೇಟಿನ ಕಡೆ ನೋಡುತ್ತಾರೆ. ಯಾರಿಗಾಗಿ ಎಂದು ಕೇಳಿದೆ.

“ಜಂಪಣ್ಣ ಬರಬೇಕು. ಹಿಮ್ಮಡೀಗೆ ಹುಣ್ಣಾಗಿತ್ತು. ಈ ವಾರದೊಳಗೆ ಮಾಯದೇ ಇದ್ರೆ ಮತ್ತೆ ಕೊಯ್ಬೇಕಾಗ್ತೈತೆ ಅಂದಾರಂತೆ ಆಸ್ಪತ್ರೇಲಿ. ನಿನ್ನೆ ಕಟ್ಟು ಬಿಚ್ಚಿರ್ತಾರೆ. ಏನಾತೋ.”

ಐವತ್ತೆರಡರ ದ್ರಾಕ್ಷಾಯಣಮ್ಮ ಈ ದವಾಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಕಾಂಪೌಂಡರ್. ಡಾ. ತಿಪ್ಪೇರುದ್ರ ಬರೆದ ಚೀಟಿ ನೋಡಿ, ಬಿಳಿ ಗುಳಿಗೆಗೆ ಹನಿ ಹಾಕಿ, ಕುಲುಕಿ, ಪೊಟ್ಟಣ ಕಟ್ಟಿಕೊಡುವುದು ಅವರ ಕೆಲಸ. ಸೋಮವಾರ ಅರವತ್ತಕ್ಕೂ ಹೆಚ್ಚು ಜನ. ಬುಧವಾರ ಔಷಧಿ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಡಾಕ್ಟರ ಜೊತೆ ದೇವಸಮುದ್ರಕ್ಕೆ ಹೋದರೆ ಅಲ್ಲೊಂದು ನಲವತ್ತು ಜನ. ಅದರಲ್ಲಿ ಅರ್ಧಕ್ಕರ್ಧ ಹತ್ತು, ಇಪ್ಪತ್ತು ವರ್ಷ ಹಳೆಯ ಸಕ್ಕರೆಯವರು. ನಿದ್ದೆ ಇಲ್ಲ, ಪಾದ ಉರಿ, ಹೊಟ್ಟೆ ಸರಿಯಿಲ್ಲ ಎಂದು ಬರುತ್ತಾರೆ.

ಸಿಹಿ ಗುಳಿಗೆ ಕಂಡು ಹೌಹಾರುವವರೂ ಇದ್ದಾರೆ. “ಸಕ್ಕರೆ ಇದ್ದೋರಿಗೆ ಸಕ್ಕರೆ ಗುಳಿಗೇನಾ ಅಂತಾರೆ. ನಾಕು ಗುಳಿಗೆಗೆ ಹೆದರ್ತೀರಿ, ಮದುವೆ ಮನ್ಯಾಗೆ ಹೋಳಿಗೆಗೆ ಹೆದರಲ್ಲ ಅಂತೀನಿ. ಹಟ ಹಿಡಿದ್ರೆ ನೀರಿನಾಗೆ ಹನಿ ಹಾಕಿ ಕೊಡ್ತೀನಿ.”

ಈ ಗುಳಿಗೆಗಳಿಂದ ಎಷ್ಟು ಗುಣ, ಡಾಕ್ಟರು ಅರ್ಧ ಗಂಟೆ ಕೂರಿಸಿಕೊಂಡು ಕಷ್ಟಸುಖ ಕೇಳುವುದರಿಂದ ಎಷ್ಟು ಗುಣ ಎಂದು ನಾನು ಹೇಳಲಾರೆ. ಡಾಕ್ಟರೂ ಜಂಬ ಕೊಚ್ಚುವವರಲ್ಲ. “ಸಕ್ಕರೆ ಹತೋಟಿಗೆ ತರೋದು ನಿಮ್ಮ ಇನ್ಸುಲಿನ್ನು, ಮಾತ್ರೆ, ಊಟ, ನಡಿಗೆ. ಅದನ್ನ ಬಿಟ್ಟು ಬರೋರಿಗೆ ನನ್ನ ಹತ್ರ ಔಷಧಿ ಇಲ್ಲ” ಎಂದು ಎಲ್ಲರಿಗೂ ಹೇಳುತ್ತಾರೆ. ಹಾಗೆ ಹೇಳುವ ರೂಢಿ ಶುರುವಾಗಿದ್ದು ನಾಲ್ಕು ವರ್ಷದ ಹಿಂದೆ, ಜಂಪಣ್ಣನ ಪ್ರಸಂಗ ಆದ ಮೇಲೆ.

ಜಂಪಣ್ಣ ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿನ ಊರಿನವರು, ಎಂಬತ್ತು ಕುರಿಗಳ ಒಡೆಯರು. ಹದಿನಾಲ್ಕು ವರ್ಷದಿಂದ ಸಕ್ಕರೆ, ಎರಡು ಹೊತ್ತು ಇನ್ಸುಲಿನ್. ಪಾದ ಉರಿಗೆಂದು ಮೊದಲ ಸಲ ಇಲ್ಲಿಗೆ ಬಂದ ದಿನ ವಿಪರೀತ ರಶ್ಶು. ಗುಳಿಗೆ ತಗೊಂಡು ಅರ್ಧ ಗಂಟೆ ಬೇರೇನೂ ಬಾಯಿಗೆ ಹಾಕಬೇಡಿ ಎನ್ನುವುದು ಇಂಥ ದವಾಖಾನೆಗಳಲ್ಲಿ ದಿನಕ್ಕೆ ನೂರು ಸಲ ಆಡುವ ಮಾತು. ಆಡಿ ಆಡಿ ಸವೆದು, ದ್ರಾಕ್ಷಾಯಣಮ್ಮನ ಬಾಯಲ್ಲಿ ಅದು ಗಿಡ್ಡವಾಗಿತ್ತು.

“ಇದ್ರ ಜೊತೆ ಬೇರೇನೂ ತಗಾಬ್ಯಾಡಿ ಅಂದೆ. ಅರ್ಧ ಗಂಟೆ ಅಂಬೋದು ಹೇಳಲೇ ಇಲ್ಲ. ಆ ಪುಣ್ಯಾತ್ಮ ಇನ್ಸುಲಿನ್ನೇ ಬಿಟ್ಬಿಟ್ಟ” ಎನ್ನುತ್ತಾರೆ. ಇಲ್ಲಿಯವರೆಗೆ ನಗುತ್ತ ಮಾತಾಡುತ್ತಿದ್ದವರು ಈಗ ಕೈಯಲ್ಲಿನ ಚಿಮಟವನ್ನೇ ನೋಡುತ್ತಿದ್ದಾರೆ.

ಹದಿನೇಳು ದಿನದ ಮೇಲೆ ಜಂಪಣ್ಣ ಮತ್ತೆ ಬಂದಾಗ ದ್ರಾಕ್ಷಾಯಣಮ್ಮ ಬಾಗಿಲಲ್ಲಿ ಕಸ ಹೊಡೆಯುತ್ತಿದ್ದರು. ಪೊರಕೆ ತಾಗಿ ಜಂಪಣ್ಣ ಬಿಟ್ಟಿದ್ದ ಒಂದು ಚಪ್ಪಲಿ ಮಗುಚಿಕೊಂಡಿತು. ಅಟ್ಟೆಯಿಂದ ಒಳಕ್ಕೆ ಪೂರಾ ತೂರಿದ ಮುಳ್ಳು, ಸುತ್ತ ಕಪ್ಪಗಿನ ಕಲೆ. ಒಳಗೆ ಓಡಿ ಕಂಬಳಿ ಸರಿಸಿ ಪಾದ ನೋಡಿದರೆ ಬೆರಳುಗಳು ಆಗಲೇ ಬಣ್ಣ ಕೆಟ್ಟಿದ್ದವು. ಡಾಕ್ಟರು ರೋಗಿಗಳನ್ನೆಲ್ಲ ಬಿಟ್ಟು ತಮ್ಮ ಕಾರಿನಲ್ಲೇ ಚಿತ್ರದುರ್ಗಕ್ಕೆ ಕರೆದೊಯ್ದರು. ಎರಡು ಬೆರಳು ಹೋದವು. ಕಾಲು ಉಳಿಯಿತು.

“ಮುಳ್ಳು ಕಾವಲಿಂದು. ಆದ್ರೆ ಮಾತು ನನ್ನದು. ಅವತ್ತು ಮನೀಗೆ ಹೋಗಿ ಅತ್ತೆ. ಮಾರನೆ ದಿನದಿಂದ ಚಪ್ಪಲಿ ತಿರುವಿ ನೋಡಾಕೆ ಹತ್ತಿದೆ.”

ಚಪ್ಪಲಿ ಬೋರಲು ಬಿದ್ದರೆ ಮನೆಯಲ್ಲಿ ಜಗಳ ಎನ್ನುವುದು ಈ ಸೀಮೆಯಲ್ಲಿ ಯಾರೂ ಕಲಿಸದೆ ಬರುವ ನಂಬಿಕೆ. ಆಕಸ್ಮಿಕವಾಗಿ ಮಗುಚಿದರೂ ಕಾಲಲ್ಲೇ ಸರಿಮಾಡಿ ಮುಂದೆ ಹೋಗುತ್ತೇವೆ. ಅಂಥದ್ದರಲ್ಲಿ ಈ ಹೆಣ್ಣುಮಗಳು ಬೇಕೆಂದೇ ಊರವರ ಚಪ್ಪಲಿಗಳನ್ನೆಲ್ಲ ಬೋರಲು ಹಾಕುವುದೆಂದರೆ! ದೇವಸಮುದ್ರದಲ್ಲಿ ಒಬ್ಬ ಅಜ್ಜಿ “ಚೆಪ್ಪುಲು ಎಂದುಕು ತಿಪ್ಪುತಾವಮ್ಮಾ?” ಎಂದು ತೆಲುಗಿನಲ್ಲೇ ಜಾಡಿಸಿದರಂತೆ, ಚಪ್ಪಲಿ ಯಾಕಮ್ಮ ತಿರುಗಿಸ್ತೀಯ ಅಂತ. ಕಂಡವರ ಕೆರ ಮುಟ್ಟುವ ಕೈಯಿಂದ ಔಷಧಿ ಬೇಡ ಎಂದು ಇಬ್ಬರು ಎದ್ದು ಹೋದರು. ಮನೆಯಲ್ಲಿ ಗಂಡ ಮಹಾಂತೇಶ ನಾಲ್ಕು ದಿನ ಮಾತು ಬಿಟ್ಟರು.

ದ್ರಾಕ್ಷಾಯಣಮ್ಮ ಎರಡು ಕೆಲಸ ಮಾಡಿದರು. ಬಾಗಿಲಲ್ಲಿ ಒಂದು ಸೋಪು, ಒಂದು ಬಕೆಟ್ ನೀರು ಇಟ್ಟರು. ಕಿತ್ತ ಮುಳ್ಳುಗಳನ್ನು ಎಸೆಯದೆ ಖಾಲಿ ಔಷಧಿ ಬಾಟಲಿಗೆ ತುಂಬಿಸಿ, ಎಲ್ಲರಿಗೂ ಕಾಣುವಂತೆ ಕಿಟಕಿಯಲ್ಲಿಟ್ಟರು. ಮೊದಲ ಬಾಟಲಿ ಆರೇ ತಿಂಗಳಿಗೆ ತುಂಬಿತು. ಬೈಯುವವರ ಬಾಯಿ ತಾನಾಗಿ ಕಟ್ಟಿತು. ಎರಡನೆಯದಕ್ಕೆ ಒಂದು ವರ್ಷ ಹಿಡಿಯಿತು. ಎರಡೂವರೆ ವರ್ಷದಿಂದ ಮೂರನೆಯದು ಇನ್ನೂ ಅರ್ಧದಲ್ಲೇ ಇದೆ.

ನನಗೂ ಆರು ವರ್ಷದಿಂದ ಸಕ್ಕರೆ ಇದೆ ಎಂದು ಬಾಯಿ ತಪ್ಪಿ ಅಂದೆ. ತಕ್ಷಣ ನನ್ನ ಬೂಟು ಅವರ ಕೈಗೆ ಹೋಯಿತು. ಮುಳ್ಳೇನೂ ಇರಲಿಲ್ಲ, ಒಳಗೊಂದು ಪೆನ್ನಿನ ಮುಚ್ಚಳ ಸಿಕ್ಕಿತು. ಅದರ ಮೇಲೆ ನಾನು ಎಷ್ಟು ದಿನ ನಡೆದಿದ್ದೇನೋ ದೇವರೇ ಬಲ್ಲ. ನಾಚಿಕೆಯಾಯಿತು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಎಂಟೂವರೆಯ ಬಸ್ಸಿಗೂ ಜಂಪಣ್ಣ ಇಲ್ಲ. ದ್ರಾಕ್ಷಾಯಣಮ್ಮ ಪೊಟ್ಟಣ ಕಟ್ಟುತ್ತಾರೆ, ಪ್ರತಿಯೊಬ್ಬರ ಬಾಯಿಂದಲೂ “ಅರ್ಧ ಗಂಟೆ” ಎಂದು ತಿರುಗಿ ಹೇಳಿಸುತ್ತಾರೆ, “ಇನ್ಸುಲಿನ್ ಬಿಡಲ್ಲ ತಾನೆ?” ಎಂದು ಕೇಳಿ ಹೂಂ ಅನ್ನಿಸಿಕೊಳ್ಳದೆ ಪೊಟ್ಟಣದಿಂದ ಕೈ ತೆಗೆಯುವುದಿಲ್ಲ. ಕಣ್ಣು ಮಾತ್ರ ಗೇಟಿನ ಮೇಲೇ ಇದೆ.

ಒಂಬತ್ತಕ್ಕೆ ಕಂಬಳಿಯೊಂದು ಗೇಟು ದಾಟಿ ಬರುತ್ತದೆ. ಕೋಲಿದೆ, ಆದರೆ ಅದು ಕುರಿ ಕಾಯುವ ಕೋಲು, ಊರಿ ನಡೆಯುವುದಲ್ಲ. ಜಂಪಣ್ಣ ಮೆಟ್ಟಿಲ ಬಳಿ ನಿಂತು ಚಪ್ಪಲಿ ಬಿಡುತ್ತಾರೆ. ಬಗ್ಗಿ, ಎರಡನ್ನೂ ಎತ್ತಿ ನೋಡಿ, ಒಳಗೆ ಕೈಯಾಡಿಸಿ, ತಾವೇ ಬೋರಲು ಇಡುತ್ತಾರೆ. ಆಮೇಲೆ ಮೆಟ್ಟಿಲ ಮೇಲೆ ಕೂತು ಹಿಮ್ಮಡಿ ಎತ್ತಿ ತೋರಿಸುತ್ತಾರೆ. ಹುಣ್ಣು ಮಾಯ್ದು ಹೊಸ ಚರ್ಮ ಕೂಡಿದೆ.

ದ್ರಾಕ್ಷಾಯಣಮ್ಮ ಅದನ್ನು ಬೆರಳಿಂದ ಒತ್ತಿ ನೋಡುತ್ತಾರೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಮರುಕ್ಷಣ ದನಿ ಎತ್ತರಿಸಿ, “ಇನ್ಸುಲಿನ್ ತಗಂಡು ಬಂದೀಯೇನಣ್ಣ?” ಎನ್ನುತ್ತಾರೆ.

“ತಗಂಡೀನಿ ತಾಯಿ. ನಾಳೆಯಿಂದ ಕುರಿ ಹೊಡ್ಕಂಡು ಕಾವಲಿಗೆ ಹೋಗ್ತೀನಿ. ಆದ್ರೆ ನೀನು ಕಲಿಸಿದ ಕೆಲ್ಸದಿಂದ ನಮ್ಮ ಮನ್ಯಾಗೆ ದಿನಾ ಗಲಾಟೆ. ಬಾಗ್ಲಾಗೆ ಚಪ್ಪಲಿ ಬೋರಲು ಹಾಕ್ತೀಯ, ಅದಕ್ಕೇ ಜಗಳ ಆಗ್ತೈತೆ ಅಂತ ನನ್ನ ಹೆಂಡ್ತಿ ಕೊಲ್ಲಾಪುರಮ್ಮ ಜಗಳ ತೆಗೀತಾಳೆ.”

“ಏನಂತೀಯ ಆಗ?”

“ಆಗ್ಲಿ ಬಿಡೆ, ಜಗಳ ಆಡಾಕೆ ನಾನು ನನ್ನ ಕಾಲಾಗೇ ನಡ್ಕಂಡು ಮನೀಗೆ ಬಂದೀನಲ್ಲ ಅಂತೀನಿ.”

ಬೆಂಚಿನ ಮೇಲಿದ್ದವರೆಲ್ಲ ನಗುತ್ತಾರೆ. ಹೊರಡುವಾಗ, ನಿಮಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ದ್ರಾಕ್ಷಾಯಣಮ್ಮ ಕಿಟಕಿಯಲ್ಲಿದ್ದ ಮೂರನೆಯ ಬಾಟಲಿ ತೆಗೆದು, ಬೆಳಗಿನ ಮುಳ್ಳನ್ನು ಅದರೊಳಗೆ ಹಾಕಿ ಮುಚ್ಚಳ ತಿರುಗಿಸುತ್ತಾರೆ.

“ಇದು ತುಂಬಬಾರ್ದು ನೋಡ್ರಿ. ಹಿಂಗೇ ಅರ್ಧದಾಗೆ ಇರ್ಲಿ. ಅಷ್ಟಾದ್ರೆ ಸಾಕು ನಂಗೆ.”